ಔಷಧದ ಧೂಳೂ ರೆಪ್ಪೆಯ ನವೆಯೂ



ರಾಜ್ಯೋತ್ಸವದ ಸಭೆಯಲ್ಲಿ ನಾಡುನುಡಿಯನ್ನು ಬಿಟ್ಟು ನವೆ ತುರಿಕೆಗಳ ಮಾತೆತ್ತಿದನಲ್ಲಾ ಎಂದು ತಾವು ನಗಬಹುದು. ನಾನು ವೈದ್ಯನಲ್ಲ, ಬ್ಯಾಂಕಿನ ಗುಮಾಸ್ತ. ಈ ಚಾಕಣದಲ್ಲಿ ಮೋಟಾರು ಕಾರ್ಖಾನೆಗಳದೇ ಭರಾಟೆಯಾದರೂ, ಕಲಬುರ್ಗಿ, ಬೀದರ, ವಿಜಾಪುರಗಳಿಂದ ಬಂದ ನಮ್ಮವರಲ್ಲಿ ಕೆಲವರು ಔಷಧ ತಯಾರಿಕೆಯ ಕೆಲಸಕ್ಕೂ ಹೋಗುತ್ತಾರೆ. ರೆಪ್ಪೆ ಊದಿಸಿಕೊಂಡು ನನ್ನ ಕೌಂಟರಿಗೆ ಬಂದವರನ್ನು ಕಂಡಿದ್ದೇನೆ. ಕೇಳಿದರೆ, “ಹುಲ್ಲಿನ ನಂಜು ಬಿಡ್ರಿ” ಎನ್ನುತ್ತಾರೆ.

ಆ ಸಂಶಯಕ್ಕೆ ಕಾರಣವುಂಟು. ನಾವು ಕಾಂಗ್ರೆಸ್ ಹುಲ್ಲೆನ್ನುವ ಪಾರ್ಥೇನಿಯಂ ಭಾರತದಲ್ಲಿ ಹಬ್ಬತೊಡಗಿದುದನ್ನು ಗುರುತಿಸಿದ್ದು 1950ರ ದಶಕದ ಪುಣೆಯಲ್ಲಿಯೇ. ಅದರ ಒಣಪುಡಿ ಗಾಳಿಯಲ್ಲಿ ತೇಲಿಬಂದು ಮುಖ, ಕೊರಳುಗಳಲ್ಲಿ ನವೆಯೆಬ್ಬಿಸುತ್ತದೆ. ಔಷಧದ ಪುಡಿಯೂ ಹಾಗೆಯೇ. ಬಿಸಿಲಿನ ಉರಿಯಾದರೆ ಕಿವಿಯ ಹಿಂಬದಿ, ಗದ್ದದ ಕೆಳಗಿನ ನೆರಳಿನ ಜಾಗಗಳು ಬಹುಮಟ್ಟಿಗೆ ಪಾರಾಗುತ್ತವೆ. ಗಾಳಿಯ ಧೂಳು ಅವನ್ನೂ ಬಿಡುವುದಿಲ್ಲ. ಇನ್ನು ಹುಲ್ಲೋ ಔಷಧವೋ ಎಂಬುದಕ್ಕೆ ಹಾಜರಿ ಪುಸ್ತಕವೇ ಒಳ್ಳೆಯ ಸುಳಿವು. ಊರಿನ ಹೊಲದ ಬದುವಿನಲ್ಲೂ ಆ ಹುಲ್ಲು ಬೆಳೆದಿದೆಯಷ್ಟೆ. ಅಲ್ಲಿ ರಜೆಯಲ್ಲಿ ಇಳಿದ ನವೆ, ಕೆಲಸಕ್ಕೆ ಮರಳಿದ ಎರಡು ದಿನಕ್ಕೇ ಏರಿದರೆ ಹುಲ್ಲನ್ನು ಬೈದು ಫಲವಿಲ್ಲ.

ಇದು ಹೊಸ ವ್ಯಾಧಿಯಲ್ಲ. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್‌ಗಳು ಬಳಕೆಗೆ ಬಂದ 1940ರ ದಶಕದಲ್ಲೇ ಸೂಜಿಮದ್ದು ಸಿದ್ಧಪಡಿಸುವ ದಾದಿಯರಿಗೆ ಇದು ತಗುಲಿತು. ನಮ್ಮ ನೆರೆಯ ಪಿಂಪ್ರಿಯಲ್ಲಿ ಪೆನಿಸಿಲಿನ್ ತಯಾರಿಕೆಗೆಂದು ಸರ್ಕಾರ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಸ್ಥಾಪಿಸಿದ್ದು 1954ರಲ್ಲಿ. (ಅಲ್ಲಿಯ ಸಂಶೋಧನೆಯ ಮುಖ್ಯಸ್ಥರಾಗಿ ಹ್ಯಾಮೈಸಿನ್ ಎಂಬ ಔಷಧವನ್ನು ಕೊಟ್ಟ ಡಾ. ಎಂ. ಜೆ. ತಿರುಮಲಾಚಾರ್ ಕನ್ನಡನಾಡಿನವರೆಂಬುದು ನಮಗೆ ಹೆಮ್ಮೆ.) ಈಚೆಗೆ ಹೊಟ್ಟೆಯುರಿತಕ್ಕೆ ನುಂಗುವ ಒಮೆಪ್ರಜೋಲ್, ಕೆಮ್ಮು ಜ್ವರಕ್ಕೆ ಕೊಡುವ ಅಜಿತ್ರೊಮೈಸಿನ್ ಇವುಗಳ ಪುಡಿಯಿಂದಲೂ ಕಾರ್ಮಿಕರಿಗೆ ಹೀಗಾದುದನ್ನು ವೈದ್ಯರು ಬರೆದಿಟ್ಟಿದ್ದಾರೆ.

ಮೋಸವಿರುವುದು ಇದರ ನಡೆಯಲ್ಲಿ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಏನೂ ಆಗುವುದಿಲ್ಲ; ದೇಹ ಒಳಗೊಳಗೇ ಆ ಔಷಧವನ್ನು ಹಗೆಯೆಂದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಚಿಟಿಕೆ ಪುಡಿ ಸಾಕು. ಅದೂ ಒಡನೆಯೇ ಅಲ್ಲ, ಮರುದಿನವೋ ಮೂರನೆಯ ದಿನವೋ. ಆದ್ದರಿಂದ ನಿಜವಾದ ಕಾರಣ ತಪ್ಪಿಸಿಕೊಂಡು ಸಾಬೂನಿಗೋ ಬದನೆಕಾಯಿಗೋ ಅಪವಾದ ಬರುತ್ತದೆ. ಮೂಗಿನ ಮಾಸ್ಕು ರೆಪ್ಪೆಯನ್ನು ಕಾಯುವುದಿಲ್ಲ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮು ನವೆಯನ್ನು ಅಡಗಿಸೀತು; ಧೂಳು ಅಲ್ಲಿಯೇ ಇರುತ್ತದೆ. ರೆಪ್ಪೆಗೆ ಬಹುಕಾಲ ಹಚ್ಚಿದರೆ ಕಣ್ಣಿಗೇ ಕೇಡು.

ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್ ಎಂಬ ಪರೀಕ್ಷೆಯುಂಟು. ಸಂಶಯದ ಪದಾರ್ಥಗಳನ್ನು ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ನಾಲ್ಕನೆಯ ದಿನದ ಸುಮಾರಿಗೆ ಮತ್ತೊಮ್ಮೆ ನೋಡುತ್ತಾರೆ. ಕಾರ್ಖಾನೆ ಮಾಡಬೇಕಾದುದು ಬೇರೆ: ಯಂತ್ರಕ್ಕೆ ಮುಚ್ಚಳ, ಧೂಳು ಎಳೆಯುವ ಫ್ಯಾನು, ಮುಖಪೂರ್ತಿಯ ಕವಚ, ಅಂಟಿಕೊಂಡವನಿಗೆ ಬೇರೆ ವಿಭಾಗ. ಗುತ್ತಿಗೆಯವನು ಇದನ್ನು ಬಾಯಿಬಿಟ್ಟು ಕೇಳಿದರೆ ನಾಳೆ ಗೇಟಿನ ಹೊರಗೆ ಎಂಬ ಭಯ ನನಗೂ ಗೊತ್ತು. ಸಂಬಳ ಜಮೆಯಾಗುವುದು ನಿಂತಾಗ ಅದು ನನ್ನ ಲೆಡ್ಜರಿನಲ್ಲೇ ಕಾಣುತ್ತದೆ. ಆದರೆ ರಾಸಾಯನಿಕಗಳಿಂದ ಬರುವ ಚರ್ಮರೋಗವನ್ನು ಪರಿಹಾರದ ಕಾನೂನು ಉದ್ಯೋಗಜನ್ಯವೆಂದೇ ಎಣಿಸುತ್ತದೆ. ಇ.ಎಸ್.ಐ. ಚೀಟಿಯಿದ್ದವರು ಅಲ್ಲಿಯ ವೈದ್ಯರಿಗೆ ತಮ್ಮ ಕೆಲಸ ಯಾವುದೆಂದು ಹೇಳಿ ಬರೆಸಬೇಕು.

ತಾಯಂದಿರಲ್ಲಿ ಒಂದು ಬಿನ್ನಹ. ಕೆಲಸದ ಬಟ್ಟೆ ಮನೆಗೆ ಬಂದರೆ ಕೊಡವಬೇಡಿ, ಮಕ್ಕಳ ಬಟ್ಟೆಯೊಡನೆ ನೆನೆಹಾಕಬೇಡಿ. ಮತ್ತೊಂದು: ಚರ್ಮಕ್ಕೆ ಒಗ್ಗದ ಔಷಧವನ್ನೇ ಮುಂದೆ ನುಂಗಿದರೆ ಅಥವಾ ಚುಚ್ಚಿಸಿಕೊಂಡರೆ ಮೈಯೆಲ್ಲ ಏಳಬಹುದು, ಪೆನಿಸಿಲಿನ್ನಿನಂಥದ್ದಾದರೆ ಪ್ರಾಣಕ್ಕೂ ಬರಬಹುದು. ಆ ಔಷಧದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಬುಕ್ಕಿನಲ್ಲಿಟ್ಟು, ಯಾವ ದವಾಖಾನೆಗೆ ಹೋದರೂ ಮೊದಲು ಅದನ್ನು ತೋರಿಸಿ.