ಮಹೋತ್ಸವದ ಎರಡು ಧ್ವನಿಗಳು

(ಒಂದು ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಅರಸರ ಮಹೋತ್ಸವದಲ್ಲಿ ಪ್ರಜೆಗಳೆಲ್ಲರೂ ಒಂದೇ ಕಂಠದಿಂದ ಜಯಕಾರ ಮಾಡುವರೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ವರ್ತಮಾನಪತ್ರಗಳೂ ಬಹುಮಟ್ಟಿಗೆ ಹಾಗೆಯೇ ಬರೆಯುತ್ತವೆ. ಆದರೆ ವಿಚಾರಿಸಿ ನೋಡಿದರೆ ಅಂಥ ಪ್ರತಿಯೊಂದು ಉತ್ಸವದಲ್ಲಿಯೂ ಎರಡು ಧ್ವನಿಗಳಿರುತ್ತವೆ. ಒಂದು, ರಂಗಮಂಟಪದ ಎದುರಿನ ಜಯಘೋಷ. ಇನ್ನೊಂದು, ಬೀದಿಯ ಅಂಚಿನಲ್ಲಿ ನಿಂತವನ ಅಸಮ್ಮತಿ. ಈ ಎರಡನೆಯ ಧ್ವನಿಯನ್ನು ರಾಜ್ಯವು ಹೇಗೆ ಸಹಿಸಿತು, ಇಲ್ಲವೆ ಹೇಗೆ ಅಡಗಿಸಿತು ಎಂಬದೇ ಈ ಹೊತ್ತು ನಾವು ಆಲೋಚಿಸತಕ್ಕ ವಿಷಯವು. ಇಂಗ್ಲಂಡದ ರಾಣಿಯ ಉತ್ಸವದಿಂದ ನಮಗೇನಾಗಬೇಕೆಂದು ತಾವು ಕೇಳಬಹುದು. ಅಂಥದೇ ಒಂದು ಉತ್ಸವವು ಒಮ್ಮೆ ನಮ್ಮ ಹಿರಿಯರ ತಲೆಯ ಮೇಲೂ ಬಂದಿತ್ತು. ಆ ಮಾತನ್ನು ಮುಂದೆ ಹೇಳುವೆವು.

ಮೊದಲು ಶಬ್ದಾರ್ಥವನ್ನು ನೋಡೋಣ. 'ಜುಬಿಲಿ' ಎಂಬದು ಯೆಹೂದ್ಯರ 'ಯೋಬೆಲ್' ಎಂಬ ಶಬ್ದದಿಂದ ಬಂದುದು; ಟಗರಿನ ಕೊಂಬಿನ ಕಹಳೆಯೆಂದು ಅದರ ಅರ್ಥ. ಏಳೇಳು ನಾಲ್ವತ್ತೊಂಬತ್ತು ವರ್ಷಗಳು ಕಳೆದ ಮೇಲೆ ಐವತ್ತನೆಯ ವರ್ಷದಲ್ಲಿ ಕಹಳೆಯೂದಿ, ಬಡತನದಿಂದ ಜೀತಕ್ಕೆ ಬಿದ್ದವರನ್ನು ಬಿಡುಗಡೆ ಮಾಡಬೇಕು, ಮಾರಿಹೋದ ಭೂಮಿಯು ಮೂಲದ ಮನೆತನಕ್ಕೆ ಮರಳಬೇಕು ಎಂದು ಅವರ ಧರ್ಮಗ್ರಂಥವು ವಿಧಿಸಿತ್ತು. ಅಂದ ಮೇಲೆ ಜುಬಿಲಿಯು ಮೂಲದಲ್ಲಿ ಅರಸನ ಹಬ್ಬವಲ್ಲ, ಜೀತದವನ ಹಬ್ಬ. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಸಂಗತಿಗಳನ್ನು ಅಳೆಯಬೇಕು.

ಎರಡನೆಯ ಎಲಿಝಾಬೆತ್ ರಾಣಿಯವರು ಪಟ್ಟಕ್ಕೆ ಬಂದದ್ದು 1952ನೆಯ ಇಸವಿಯ ಫೆಬ್ರುವರಿ 6ರಂದು. ಅರುವತ್ತು ವರ್ಷಗಳು ತುಂಬಿದ ಸಲುವಾಗಿ 2012ರ ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ವಜ್ರಮಹೋತ್ಸವವು ನಡೆಯಿತು. ಜೂನ್ 3ರಂದು ಥೇಮ್ಸ್ ನದಿಯಲ್ಲಿ ನೂರಾರು ದೋಣಿಗಳ ಮೆರವಣಿಗೆ. ಮರುದಿನ ಸಂಜೆ ಬಕಿಂಗ್‌ಹ್ಯಾಮ್ ಅರಮನೆಯ ಎದುರಿಗೆ, ವಿಕ್ಟೋರಿಯಾ ರಾಣಿಯ ಸ್ಮಾರಕವನ್ನು ಸುತ್ತಿ ಕಟ್ಟಿದ ರಂಗದ ಮೇಲೆ, ಸಂಗೀತೋತ್ಸವ. ಪಾಲ್ ಮೆಕಾರ್ಟ್ನಿ, ಎಲ್ಟನ್ ಜಾನ್, ಸ್ಟೀವಿ ವಂಡರ್, ಶರ್ಲಿ ಬ್ಯಾಸಿ ಮೊದಲಾದ ಪ್ರಖ್ಯಾತರು ಹಾಡಿದರು. ಸಾಮಾನ್ಯರಿಗಾಗಿ ಹತ್ತು ಸಾವಿರ ಟಿಕೀಟುಗಳನ್ನು ಚೀಟಿಯೆತ್ತಿ ಹಂಚಿದರು. ದೂರದರ್ಶನದಲ್ಲಿ ಕೋಟಿಗೂ ಮಿಕ್ಕಿದ ಜನರು ನೋಡಿದರು. 'ಮ್ಯಾಡ್‌ನೆಸ್' ಎಂಬ ತಂಡದವರು ಅರಮನೆಯ ಮಾಳಿಗೆಯ ಮೇಲೆ ನಿಂತು 'ನಮ್ಮ ಮನೆ' ಎಂಬ ಅರ್ಥದ ಹಾಡನ್ನು ಹಾಡುತ್ತಿರಲು, ಅರಮನೆಯ ಗೋಡೆಯ ಮೇಲೆ ಸಾಮಾನ್ಯರ ಸಾಲುಮನೆಗಳ ಚಿತ್ರವನ್ನು ಬೆಳಕಿನಿಂದ ಮೂಡಿಸಿದರು.

ಆ ರಾತ್ರಿಯ ಸಂತೋಷವು ಸುಳ್ಳಾಗಿತ್ತೆಂದು ನಾವು ಹೇಳುವದಿಲ್ಲ. ಹಿಂದಿನ ದಿವಸ ಮಳೆಯಲ್ಲಿ ನೆನೆಯುತ್ತ, ಚಳಿಯಲ್ಲಿ ನಡುಗುತ್ತ ನದಿಯ ಎರಡೂ ದಂಡೆಗಳಲ್ಲಿ ನಿಂತ ಜನರನ್ನು ಯಾರೂ ಹೊಡೆದು ತಂದಿರಲಿಲ್ಲ. ರಾಣಿಯ ಪತಿ ಫಿಲಿಪ್‌ರು ಅಸ್ವಸ್ಥರಾಗಿ ಆ ದಿನವೇ ಆಸ್ಪತ್ರೆಗೆ ಸೇರಿದ್ದರು. ಆಗ ಯುವರಾಜರಾಗಿದ್ದ ಚಾರ್ಲ್ಸ್‌ರು ಆಸ್ಪತ್ರೆಯಲ್ಲಿದ್ದ ತಂದೆಗೆ ಕೇಳಿಸುವಂತೆ ಕೂಗಿರೆಂದು ಜನರನ್ನು ಕೇಳಿಕೊಂಡಾಗ ಎದ್ದ ಕೂಗು ಹೃದಯದಿಂದ ಬಂದುದು. ಎಂಬತ್ತಾರು ವಯಸ್ಸಿನ ಮುದುಕಿಯ ಕರ್ತವ್ಯನಿಷ್ಠೆಗೆ ತಲೆಬಾಗುವದು ಗುಲಾಮತನವೇನಲ್ಲ.

ಆದರೆ ಎರಡನೆಯ ಧ್ವನಿಯೂ ಇತ್ತು. ದೋಣಿಗಳು ಸಾಗುತ್ತಿದ್ದಾಗಲೇ ಟವರ್ ಸೇತುವೆಯ ಹತ್ತಿರ 'ರಿಪಬ್ಲಿಕ್' ಸಂಘದವರು ಕೂಡಿ, ರಾಜ್ಯದ ಮುಖ್ಯಸ್ಥರನ್ನು ಜನರೇ ಆರಿಸತಕ್ಕದ್ದೆಂದು ಕೂಗಿದರು. ದೂರದರ್ಶನದ ವರ್ಣನೆಯು ತೀರ ಹಗುರಾಗಿತ್ತೆಂದು ಸಾವಿರಾರು ಜನರು ದೂರಿಕೊಂಡರು. ಇವೆಲ್ಲಕ್ಕಿಂತ ಮನಸ್ಸಿಗೆ ನಾಟುವ ಸಂಗತಿಯೊಂದು ಹೊರಬಿದ್ದಿತು. ನದಿಯುತ್ಸವದ ಕಾವಲಿಗೆಂದು ದೂರದ ಊರುಗಳಿಂದ ನಿರುದ್ಯೋಗಿಗಳನ್ನು ಬಸ್ಸಿನಲ್ಲಿ ತಂದಿದ್ದರು. ಅವರಲ್ಲಿ ಹಲವರಿಗೆ ಪಗಾರವಿಲ್ಲ. ನಟ್ಟಿರುಳಿನಲ್ಲಿ ಬಂದಿಳಿದ ಅವರು ಲಂಡನ್ ಸೇತುವೆಯ ಕೆಳಗೆ ಮಲಗಬೇಕಾಯಿತೆಂದು ಪತ್ರಗಳು ಬರೆದವು. ಗುತ್ತಿಗೆ ಹಿಡಿದ ಸಂಸ್ಥೆಯು ಕ್ಷಮೆ ಬೇಡಿತು. ಅರಮನೆಯ ಗೋಡೆಯ ಮೇಲೆ ಬಡವರ ಮನೆಯ ಚಿತ್ರ. ಸೇತುವೆಯ ಕೆಳಗೆ ಮನೆಯಿಂದ ದೂರ ಬಂದ ಬಡವ! ಜುಬಿಲಿಯ ಮೂಲದ ಅರ್ಥವನ್ನು ಇಲ್ಲಿ ನೆನೆಯಿರಿ.

ಇದಕ್ಕೆ ಉತ್ಸವದ ಅಭಿಮಾನಿಗಳು, "ಒಂದು ದಿನವಾದರೂ ಸುಮ್ಮನಿರಬಾರದೇ?" ಎಂದರು. ವಿರೋಧಿಗಳಲ್ಲಿ ಕೆಲವರು, ಹಾಡಿಗೆ ಕುಣಿದವರೆಲ್ಲರೂ ಬುದ್ಧಿಗೇಡಿಗಳೆಂದರು. ನಮ್ಮ ಮತದಲ್ಲಿ ಇಬ್ಬರದೂ ತಪ್ಪು. ಹಾಡು ಕೇಳಲು ಬಂದವನು ಸಿಂಹಾಸನಕ್ಕೆ ಮತ ಕೊಟ್ಟಂತಾಗಲಿಲ್ಲ. ಟಿಕೀಟಿನ ಚೀಟಿಯು ಮತದ ಚೀಟಿಯಲ್ಲ. ಹಾಗೆಯೇ, ಬಾರದವನು ದೇಶದ್ರೋಹಿಯೂ ಅಲ್ಲ. ಉತ್ಸವದ ಯೋಗ್ಯತೆಯನ್ನು ಸೇರಿದವರ ಸಂಖ್ಯೆಯಿಂದಲ್ಲ, ಸೇರದವನಿಗೆ ದೊರೆತ ನೆಲೆಯಿಂದ ಅಳೆಯಬೇಕು.

ಈ ಅಳತೆಗೋಲನ್ನು ಹಿಡಿದು ಹಿಂದಿನ ಕಾಲಕ್ಕೆ ಹೋಗೋಣ. ಯಾವ ವಿಕ್ಟೋರಿಯಾ ರಾಣಿಯ ಸ್ಮಾರಕದ ಸುತ್ತ ಆ ಹಾಡುಗಳು ಮೊಳಗಿದವೋ ಆ ರಾಣಿಯ ವಜ್ರಮಹೋತ್ಸವವು ನಡೆದದ್ದು 1897ರ ಜೂನ್ ತಿಂಗಳಲ್ಲಿ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕನ್ನಡಿಗರೂ ಪುಣೆಯ ಜನರೂ ಒಂದೇ ಮುಂಬಯಿ ಸರಕಾರದ ಕೈಕೆಳಗಿದ್ದರು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ಪುಣೆಯನ್ನೂ ಹಿಡಿದಿತ್ತು. ಸೋಲ್ಜರರು ಮನೆಮನೆ ಹೊಕ್ಕು, ದೇವರ ಕೋಣೆ, ಅಡಿಗೆಯ ಕೋಣೆಯೆನ್ನದೆ ತಪಾಸಣೆ ಮಾಡಿದ್ದರು. ಸಾವಿನ ಸೂತಕ ಕಳೆಯದ ಊರಿನಲ್ಲಿಯೇ ಜೂನ್ 22ರ ರಾತ್ರಿ ಮಹೋತ್ಸವದ ದೀಪಗಳು ಉರಿದವು. ಗಣೇಶಖಿಂಡದ ಸರಕಾರಿ ಭವನದ ಸಮಾರಂಭದಿಂದ ಹಿಂದಿರುಗುತ್ತಿದ್ದ ಪ್ಲೇಗಿನ ಅಧಿಕಾರಿ ರ್‍ಯಾಂಡ್‌ನ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು. ಲೆಫ್ಟಿನಂಟ್ ಏಯರ್ಸ್ಟ್‌ನು ಕೂಡಲೆ ಸತ್ತನು. ರ್‍ಯಾಂಡ್‌ನು ಜುಲೈ 3ರಂದು ತೀರಿಕೊಂಡನು.

ಕೊಲೆಯನ್ನು ನಾವು ಹೊಗಳುವವರಲ್ಲ. ಆದರೆ ಸರಕಾರವು ಕೊಲೆಗಾರರನ್ನಷ್ಟೇ ಹಿಡಿಯಲಿಲ್ಲ. 'ಕೇಸರಿ'ಯ ಲೇಖನಗಳ ಸಲುವಾಗಿ ಲೋಕಮಾನ್ಯ ಟಿಳಕರನ್ನು ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಸೆರೆಗೆ ತಳ್ಳಿತು. ನಾತು ಸಹೋದರರನ್ನು 1827ರ ನಿಬಂಧನೆಯ ಬಲದಿಂದ ವಿಚಾರಣೆಯೇ ಇಲ್ಲದೆ ಬಂಧಿಸಿತು. ಬಾಯಿಂದ ಹೇಳತಕ್ಕ ದುಃಖಕ್ಕೆ ದಾರಿಯಿಲ್ಲದಾಗ ಏನಾಗುವದೆಂಬದಕ್ಕೂ, ಹೆದರಿದ ಸರಕಾರವು ಲೇಖನಿಗೂ ಪಿಸ್ತೂಲಿಗೂ ಭೇದವೆಣಿಸುವದಿಲ್ಲವೆಂಬದಕ್ಕೂ ಇದು ಸಾಕ್ಷಿ.

ಇದು ಪರದೇಶದ ಪ್ರಜೆಗಳಿಗೆ ತೋರಿದ ನ್ಯಾಯವೆನ್ನೋಣವೇ? ಸ್ವಂತ ಮಕ್ಕಳ ವಿಷಯದಲ್ಲಿಯೂ ಆ ರಾಜ್ಯವು ಒಮ್ಮೊಮ್ಮೆ ಮುಗ್ಗರಿಸಿದೆ. 1977ರ ರಜತಮಹೋತ್ಸವದಲ್ಲಿ ಬೀದಿಬೀದಿಗೆ ಮೇಜುಗಳನ್ನಿಟ್ಟು ಜನರು ಉಂಡು ನಲಿದರು. ಆಗಲೇ 'ಸೆಕ್ಸ್ ಪಿಸ್ಟಲ್ಸ್' ಎಂಬ ತರುಣರ ತಂಡವು ರಾಷ್ಟ್ರಗೀತದ ಹೆಸರನ್ನೇ ಇಟ್ಟು ಅಣಕದ ಹಾಡೊಂದನ್ನು ಹೊರತಂದಿತು. ಬಿ.ಬಿ.ಸಿ.ಯು ಅದನ್ನು ಬಿತ್ತರಿಸಲೊಲ್ಲದೆ ಹೋಯಿತು. ಆದರೂ ಮಾರಾಟದ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನಕ್ಕೇರಿತು. ಜೂನ್ 7ರಂದು ಥೇಮ್ಸ್ ನದಿಯಲ್ಲಿ ದೋಣಿಯೇರಿ ಹಾಡಿದಾಗ ಪೋಲೀಸರು ದೋಣಿಯನ್ನು ನಿಲ್ಲಿಸಿ ಅವರ ಸಂಗಡಿಗರಲ್ಲಿ ಕೆಲವರನ್ನು ಹಿಡಿದರು. ಅಡಗಿಸಹೋದ ಧ್ವನಿ ಇಮ್ಮಡಿಯಾಯಿತು. 2012ರಲ್ಲಿ ಅದೇ ಹಾಡನ್ನು ಪುನಃ ಹೊರತಂದರು, ಸಿಂಹಾಸನವೇನೂ ಅಲುಗಲಿಲ್ಲ.

ಇಷ್ಟು ಕಲಿತರೂ ಮರೆಯುವದು ಅಧಿಕಾರದ ಸ್ವಭಾವ. ರಾಣಿಯವರು 2022ರ ಸೆಪ್ಟೆಂಬರ 8ರಂದು ಕಾಲವಾದರು. 2023ರ ಮೇ 6ರಂದು ಚಾರ್ಲ್ಸ್‌ರ ಪಟ್ಟಾಭಿಷೇಕದ ಬೆಳಿಗ್ಗೆ, ಕೆಲವೇ ದಿನಗಳ ಹಿಂದೆ ಜಾರಿಗೆ ಬಂದಿದ್ದ ಕಾಯಿದೆಯನ್ನು ಹಿಡಿದು, 'ರಿಪಬ್ಲಿಕ್' ಸಂಘದ ಮುಖಂಡನನ್ನೂ ಸಂಗಡಿಗರನ್ನೂ ಪೋಲೀಸರು ಬಂಧಿಸಿದರು. ಘೋಷಣೆಯ ಫಲಕಗಳನ್ನು ಇಳಿಸುವದರೊಳಗೇ ಸೆರೆ! ಹಲವು ತಾಸುಗಳ ಮೇಲೆ ಆರೋಪವಿಲ್ಲದೆ ಬಿಟ್ಟರು. ಪೋಲೀಸ ಇಲಾಖೆಯು ವಿಷಾದವನ್ನೂ ಸೂಚಿಸಿತು. ಮರುದಿನ ವಿಂಡ್ಸರಿನಲ್ಲಿ ಸಂಗೀತ ನಡೆಯಿತು. ಆದರೆ ಜಗತ್ತಿನ ಕಿವಿಯಲ್ಲಿ ಸಂಗೀತದೊಡನೆ ಆ ಬೇಡಿಯ ಸಪ್ಪಳವೂ ಉಳಿಯಿತು.

ಮಹಾಶಯರೇ, ಅನ್ಯರ ತಪ್ಪನ್ನೆಣಿಸಿ ಮನೆಗೆ ಹೋಗುವದಕ್ಕಾಗಿ ನಾವು ಇಲ್ಲಿ ಕೂಡಿಲ್ಲ. ನಮ್ಮ ನಾಡಿನಲ್ಲಿಯೂ ಉತ್ಸವಗಳಿಗೆ ಬರವಿಲ್ಲ. ದಸರೆಯುಂಟು, ರಾಜ್ಯೋತ್ಸವವುಂಟು, ಶತಮಾನೋತ್ಸವಗಳುಂಟು. ಈಗ ಅರಸರಿಲ್ಲ, ಜನರೇ ಅರಸರು. ಆದುದರಿಂದಲೇ ನಮ್ಮ ಹೊಣೆ ಹೆಚ್ಚಿನದು. ಚಪ್ಪರ ಹಾಕಿದವನಿಗೆ ಕೂಲಿ ಮುಟ್ಟಿತೇ? ಮರುದಿನ ಬೀದಿ ಗುಡಿಸಿದವಳಿಗೆ ಮಲಗಲು ಸ್ಥಳವಿತ್ತೇ? "ಈ ಹಣದಿಂದ ಒಂದು ಶಾಲೆಯನ್ನು ಕಟ್ಟಬಹುದಾಗಿತ್ತು" ಎಂದವನನ್ನು ನಾಡದ್ರೋಹಿಯೆನ್ನದೆ, ಅವನ ಮಾತಿಗೆ ಉತ್ತರ ಕೊಟ್ಟೆವೇ? ಈ ಮೂರು ಪ್ರಶ್ನೆಗಳಿಗೆ ಅಹುದೆನ್ನಬಲ್ಲ ಉತ್ಸವವು ಚಿಕ್ಕದಾದರೂ ದೊಡ್ಡದು. ಎನ್ನಲಾರದುದು ಎಷ್ಟು ದೀಪಗಳನ್ನು ಹಚ್ಚಿದರೂ ಕತ್ತಲೆಯೇ ಸರಿ.

ಟಗರಿನ ಕೊಂಬಿನ ಕಹಳೆಯನ್ನು ಊದುವ ಕಾಲವು ನಮಗೂ ಬರುತ್ತಿರುತ್ತದೆ. ಅದನ್ನು ಯಾರಿಗಾಗಿ ಊದುವೆವೆಂಬದನ್ನು ನಾವೇ ಗೊತ್ತುಮಾಡಿಕೊಳ್ಳತಕ್ಕದ್ದು.