ಹಿಂದಿನ ಚಕ್ರದ ಬ್ರೇಕ್ ಪ್ಯಾಡ್: ಒತ್ತುವುದಲ್ಲ, ತಿರುಗಿಸುವುದು

(ಸ್ವಸಹಾಯ ಸಂಘಗಳ ಮಾಹಿತಿ ಸಭೆಯಲ್ಲಿ ಆಡಿದ ಮಾತುಗಳು)



ಸಂಘದ ಸಾಲ ಅಂದರೆ ಹಸು, ಹೊಲಿಗೆ ಮಿಷನ್ನು ಮಾತ್ರ ಎಂದಿದ್ದ ಕಾಲ ಹೋಯಿತು. ಹಳೇ ಕಾರು ಕೊಂಡು ಬಾಡಿಗೆಗೆ ಬಿಡುವವರು, ತಾವೇ ಓಡಿಸುವವರು ನಮ್ಮಲ್ಲೂ ಇದ್ದಾರೆ. ಕಂತಿನ ಲೆಕ್ಕ ನಮಗೆ ಬಾಯಿಪಾಠ. ಗ್ಯಾರೇಜಿಗೆ ಹೋದಾಗ ಮಾತ್ರ ದೂರ ಬೆಂಚಿನ ಮೇಲೆ ಕೂತು ಬಿಲ್ಲಿಗೆ ಕಾಯುತ್ತೇವೆ. ಇವತ್ತು ಆ ಬೆಂಚಿನಿಂದ ಎದ್ದು ಹತ್ತಿರ ಹೋಗಿ ನೋಡೋಣ.

ಅನೇಕ ಸಣ್ಣ ಕಾರುಗಳಿಗೆ ಹಿಂದೆ ಡ್ರಮ್ ಬ್ರೇಕು. ಆ ಕೆಲಸವೇ ಬೇರೆ. ಹಿಂದೆಯೂ ಡಿಸ್ಕ್ ಇರುವ ಹಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕು ಕ್ಯಾಲಿಪರಿನ ಒಳಗೇ ಸೇರಿರುತ್ತದೆ. ಕ್ಯಾಲಿಪರ್ ಅಂದರೆ ತಿರುಗುವ ತಟ್ಟೆಯನ್ನು ಇಕ್ಕಳದ ಹಾಗೆ ಹಿಡಿಯುವ ಭಾಗ. ಪ್ಯಾಡನ್ನು ದೂಡುವ ಪಿಸ್ಟನ್ ಇರುವುದು ಅದರಲ್ಲೇ. ಹೊಸ ಪ್ಯಾಡು ದಪ್ಪ, ಅದಕ್ಕೆ ಜಾಗ ಬೇಕು. ಮುಂದಿನ ಚಕ್ರದಲ್ಲಾದರೆ ಪಿಸ್ಟನನ್ನು ಕ್ಲಾಂಪ್ ಹಾಕಿ ಹಿಂದಕ್ಕೆ ಒತ್ತಿದರೆ ಆಯಿತು. ಹಿಂದಿನದರ ಒಳಗೆ ಹ್ಯಾಂಡ್‌ಬ್ರೇಕಿನ ತಿರುಪು ಇದೆ. ಬಾಟಲಿಯ ತಿರುಪು ಮುಚ್ಚಳ ಬರೀ ಒತ್ತಿದರೆ ಕೂರುತ್ತದೆಯೇ? ತಿರುಗಿಸುತ್ತಾ ಒತ್ತಬೇಕು, ಅದಕ್ಕೆಂದೇ ಒಂದು ಟೂಲ್ ಸಿಗುತ್ತದೆ. ಹೆಚ್ಚಿನವು ಬಲಕ್ಕೆ ತಿರುಗುತ್ತವೆ, ಕೆಲವು ಕಾರುಗಳಲ್ಲಿ ಒಂದು ಕಡೆಯದು ಎಡಕ್ಕೆ. ಜೋರು ಮಾಡಿ ಒತ್ತಿದರೆ ಒಳಗಿನ ತಿರುಪು ಹಾಳು. ಆಮೇಲೆ ಪ್ಯಾಡಿನ ಖರ್ಚಲ್ಲ, ಇಡೀ ಕ್ಯಾಲಿಪರಿನ ಖರ್ಚು.

ಬಟನ್ ಒತ್ತಿ ಹಾಕುವ ಹ್ಯಾಂಡ್‌ಬ್ರೇಕ್ ಇದ್ದರೆ ಅಲ್ಲಿ ಮೋಟಾರು ಇರುತ್ತದೆ. ಸ್ಕ್ಯಾನರಿನಿಂದಲೋ, ಕಾರಿನ ಪುಸ್ತಕದಲ್ಲಿ ಹೇಳಿದ ಕ್ರಮದಿಂದಲೋ ಮೊದಲು ಸರ್ವಿಸ್ ಮೋಡಿಗೆ ಹಾಕಿಸಬೇಕು. “ಹಾಕಿದ್ರಾ ಅಣ್ಣಾ?” ಅಂತ ಕೇಳಿ. ನಗುತ್ತಾರೆ. ನಗಲಿ ಬಿಡಿ.

ಇನ್ನೊಂದು ಮಾತು, ಇದು ಜೀವದ ವಿಷಯ. ಈ ಕೆಲಸಕ್ಕೆ ಹ್ಯಾಂಡ್‌ಬ್ರೇಕು ಬಿಟ್ಟಿರಬೇಕು. ಹಾಗಾಗಿ ಸಮತಟ್ಟು ನೆಲ, ಮುಂದಿನ ಎರಡೂ ಚಕ್ರಕ್ಕೆ ಅಡ್ಡಗಟ್ಟೆ, ಗೇರಿನಲ್ಲಿ ಗಾಡಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಕೈ ಹಾಕಬಾರದು, ಸ್ಟ್ಯಾಂಡ್ ಇಡಲೇಬೇಕು. ಗ್ಯಾರೇಜಿನ ಹುಡುಗನೂ ಒಬ್ಬ ತಾಯಿಯ ಮಗನೇ ತಾನೇ.

ಪ್ಯಾಡು 3 ಮಿಲಿಮೀಟರ್‌ಗೆ ಇಳಿದಿದ್ದರೆ ಬದಲಿಸುವ ಹೊತ್ತಾಯಿತು. ಒಂದೇ ಚಕ್ರಕ್ಕೆ ಬೇಡ, ಹಿಂದಿನ ಎರಡಕ್ಕೂ ಒಟ್ಟಿಗೆ. ಬಿಚ್ಚಿದ ಕ್ಯಾಲಿಪರ್ ರಬ್ಬರ್ ಪೈಪಿನಲ್ಲಿ ಜೋತಾಡದಂತೆ ತಂತಿ ಕಟ್ಟಬೇಕು. ಪಿಸ್ಟನ್ ಮುಖದ ಮೇಲೆ ಗೀರು ಇರುತ್ತದೆ. ಪ್ಯಾಡಿನ ಹಿಂದೆ ಸಣ್ಣ ಗುಬಟು ಇದ್ದರೆ ಅದು ಈ ಗೀರಿಗೇ ಕೂರಬೇಕು. ಪಿಸ್ಟನ್ ಒಳಗೆ ಹೋದಾಗ ಬ್ರೇಕ್ ಆಯಿಲ್ ಮೇಲೇರುತ್ತದೆ, ಡಬ್ಬಿ ಉಕ್ಕಿ ಪೇಂಟಿನ ಮೇಲೆ ಚೆಲ್ಲಿದರೆ ಪೇಂಟು ಏಳುತ್ತದೆ. ಕಪ್ಪು ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಶ್ವಾಸಕೋಶಕ್ಕೆ ಕೆಟ್ಟದು. ಒದ್ದೆ ಬಟ್ಟೆಯಿಂದ ಒರೆಸಲಿ.

ಎಲ್ಲ ಮುಗಿಯಿತು ಅಂತ ಕೂಡಲೇ ಗಾಡಿ ತೆಗೆಯಬೇಡಿ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ತುಳಿತಕ್ಕೆ ಪೆಡಲು ನೆಲಕ್ಕೇ ಹೋಗುತ್ತದೆ, ಬ್ರೇಕು ಹಿಡಿಯುವುದಿಲ್ಲ. ನಿಂತಲ್ಲೇ ಪೆಡಲು ಗಟ್ಟಿಯಾಗುವ ತನಕ ಮತ್ತೆ ಮತ್ತೆ ತುಳಿಯಿರಿ. ಹ್ಯಾಂಡ್‌ಬ್ರೇಕನ್ನೂ ನಾಲ್ಕಾರು ಸಲ ಎಳೆದು ಬಿಡಿ. ಆಯಿಲ್ ಮಟ್ಟ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಸಣ್ಣ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಪೆಡಲಿನ ಹತ್ತಿರ ಕಾಲು ಇಟ್ಟುಕೊಂಡೇ, ಗಾಡಿ ನಿಲ್ಲುತ್ತದೋ ನೋಡಿ. ದುಡ್ಡು ಎಣಿಸುವುದು ಅದಾದ ಮೇಲೆ.