ತೆರೆಯ ಮೇಲಿನ ‘ಅಣ್ಣ’ ಮತ್ತು ನಮ್ಮ ಮೊಹಲ್ಲಾದ ಹುಡುಗ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಸಿನಿಮಾ ಮಕ್ಕಳನ್ನು ಕೆಡಿಸುತ್ತದೆ ಎಂಬ ಮಾತನ್ನು ನೀವು ಇಂಥ ವೇದಿಕೆಗಳಿಂದ ಎಷ್ಟೋ ಸಲ ಕೇಳಿದ್ದೀರಿ. ನಾನು ಅದನ್ನೇ ಮತ್ತೆ ಹೇಳಲು ನಿಂತಿಲ್ಲ. ಬಡವರ ಬಸ್ತಿಯ ಹುಡುಗ ರೌಡಿಗಳ ಗುಂಪಿಗೆ ಹೇಗೆ ಸೇರುತ್ತಾನೆಂದು ತೋರಿಸುವಾಗ ನಮ್ಮ ಸಿನಿಮಾಗಳು ಒಂದು ದೊಡ್ಡ ಭಾಗವನ್ನು ಬಿಟ್ಟುಬಿಡುತ್ತವೆ. ಆ ಭಾಗದ ಬಗ್ಗೆ ನನ್ನ ಮಾತು.

1995ರ ‘ಓಂ’ ಬಂದ ಮೇಲೆ ಕನ್ನಡದಲ್ಲಿ ಮಚ್ಚು-ಲಾಂಗುಗಳ ಚಿತ್ರಗಳಿಗೆ ಬರವಿಲ್ಲ. 2018ರ ‘ಕೆ.ಜಿ.ಎಫ್’ ನಿಮಗೆಲ್ಲ ಬಾಯಿಪಾಠ. ತಾಯಿಯನ್ನು ಕಳೆದುಕೊಂಡ ಬಡ ಹುಡುಗ ಮುಂಬೈ ಸೇರುತ್ತಾನೆ, ಹೆಸರು ಮಾಡಬೇಕೆಂದು ಪೊಲೀಸನ ಮೇಲೇ ಕೈ ಎತ್ತುತ್ತಾನೆ. ಸ್ವಲ್ಪ ಹೊತ್ತಿಗೆ ಅದೇ ಹುಡುಗ ಗಡ್ಡ ಬಿಟ್ಟ ನಾಯಕನಾಗಿ ಬಂದು ನಿಲ್ಲುತ್ತಾನೆ, ಥಿಯೇಟರಿನಲ್ಲಿ ಸೀಟಿ ಬೀಳುತ್ತದೆ. ನಡುವಿನ ವರ್ಷಗಳೆಲ್ಲಿ? ಆ ವರ್ಷಗಳಲ್ಲಿ ಅವನನ್ನು ಯಾರು ಸಾಕಿದರು, ಯಾವ ಕೆಲಸಕ್ಕೆ ಕಳಿಸಿದರು, ಅದರಿಂದ ಬಂದ ಹಣ ಯಾರ ಜೇಬಿಗೆ ಹೋಯಿತು? ಸಿನಿಮಾಕ್ಕೆ ಅಷ್ಟು ವ್ಯವಧಾನವಿಲ್ಲ. ಆದರೆ ನಿಜವಾದ ಬದುಕಿನಲ್ಲಿ ನಡೆಯುವುದೆಲ್ಲ ಅಲ್ಲಿಯೇ. ಮೊದಲು ಒಂದು ಚಹಾ, ಆಮೇಲೆ ಗಾಡಿ ಓಡಿಸಲು ಚಾವಿ, ನಂತರ ‘ಈ ಪೊಟ್ಟಣ ಅಲ್ಲಿಗೆ ಮುಟ್ಟಿಸಿ ಬಾ’.

ಈ ನಡುವಿನ ಭಾಗವನ್ನು ತೋರಿಸಿದ ಒಂದು ಚಿತ್ರವಿದೆ. ಮೀರಾ ನಾಯರ್ ಅವರ ‘ಸಲಾಂ ಬಾಂಬೆ’, 1988ರದು. ಬೀದಿಯ ಮಕ್ಕಳಿಗೇ ತರಬೇತಿ ಕೊಟ್ಟು ಮಾಡಿದ ಚಿತ್ರ. ಕೃಷ್ಣ ಎಂಬ ಹುಡುಗ ಚಹಾ ಹಂಚುತ್ತಾ 500 ರೂಪಾಯಿ ಕೂಡಿಸಿ ಊರಿಗೆ ಮರಳಬೇಕೆಂದಿರುತ್ತಾನೆ. ಅಲ್ಲಿ ಬಾಬಾ ಎಂಬ ದೊಡ್ಡ ಮನುಷ್ಯನ ಪರವಾಗಿ ಅಮಲು ಪದಾರ್ಥ ಮಾರುವವನ ಹೆಸರು ಚಿಲ್ಲಂ. ಅವನು ಸತ್ತ ಮೇಲೆ ಬಾಬಾ ಇನ್ನೊಬ್ಬ ಹುಡುಗನನ್ನು ಹಿಡಿದು ಅವನಿಗೂ ಚಿಲ್ಲಂ ಎಂದೇ ಹೆಸರಿಡುತ್ತಾನೆ. ಹುಡುಗ ಬದಲಾದ, ಹೆಸರು ಅದೇ, ವ್ಯಾಪಾರವೂ ಅದೇ. ಕೊನೆಗೆ ಕೃಷ್ಣ ಬಾಬಾನಿಗೆ ಚಾಕು ಹಾಕುತ್ತಾನೆ. ಅಲ್ಲಿ ಸೀಟಿ ಹೊಡೆಯಲು ಆಗುವುದಿಲ್ಲ. ಹುಡುಗ ಒಬ್ಬನೇ ಕೂತು ಅಳುತ್ತಾನೆ.

ಕೃಷ್ಣನ ಪಾತ್ರ ಮಾಡಿದವರು ನಮ್ಮ ಬೆಂಗಳೂರಿನ ಬಡ ಬಸ್ತಿಯಿಂದ ಮುಂಬೈಗೆ ಓಡಿಹೋಗಿದ್ದ ಶಫೀಕ್ ಸೈಯದ್. ಅತ್ಯುತ್ತಮ ಬಾಲನಟ ಎಂದು ರಾಷ್ಟ್ರಪ್ರಶಸ್ತಿ ಬಂತು. ಮುಂದೆ ಅವರು ಬೆಂಗಳೂರಿಗೆ ಮರಳಿ ಆಟೋ ಓಡಿಸಿ ಸಂಸಾರ ನಡೆಸಿದ್ದು ಪತ್ರಿಕೆಗಳಲ್ಲಿ ಬಂದಿದೆ. ಇದನ್ನು ಸೋಲಿನ ಕಥೆಯೆಂದು ಬರೆದವರಿದ್ದಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಯಾವ ಬಾಬಾನ ಹಂಗೂ ಇಲ್ಲದೆ ದುಡಿದು ತಿಂದದ್ದು ಸೋಲು ಹೇಗಾದೀತು?

ಎರಡು ಭಾಷೆ ಕಲಿಸುವವನಾಗಿ ನನ್ನನ್ನು ಕಾಡುವ ಇನ್ನೊಂದು ವಿಷಯವಿದೆ. ಕನ್ನಡ ಸಿನಿಮಾದಲ್ಲಿ ಗುಂಪಿನ ಮುಖಂಡನನ್ನು ‘ಅಣ್ಣ’ ಎನ್ನುತ್ತಾರೆ, ಹಿಂದಿಯಲ್ಲಿ ‘ಭಾಯ್’. ಎರಡೂ ಮನೆಯ ಮಾತುಗಳು. ಮನೆಯಲ್ಲಿ ಯಾರೂ ವಿಚಾರಿಸದ ಹುಡುಗನಿಗೆ ಹೊರಗೆ ಒಬ್ಬ ಅಣ್ಣ ಸಿಕ್ಕರೆ ಸಾಕು. ಲಾಂಗು ಆಮೇಲೆ ಬರುತ್ತದೆ, ಮೊದಲು ಬರುವುದು ಈ ಸಂಬಂಧ.

ಖಳನ ಅಡ್ಡೆ ತೋರಿಸಬೇಕಾದಾಗ ಕ್ಯಾಮೆರಾ ನಮ್ಮಂಥ ಮೊಹಲ್ಲಾಗಳಿಗೇ ಬರುತ್ತದೆಂದು ಹಿರಿಯರು ಬೇಸರಪಡುತ್ತಾರೆ. ಬೇಸರ ನ್ಯಾಯವೇ. ಆದರೆ ಅಷ್ಟು ಹೇಳಿ ನಾವು ಮನೆಗೆ ಹೋದರೆ, ರಾತ್ರಿ ಚೌಕಿನಲ್ಲಿ ನಿಂತ ಹುಡುಗ ಅಲ್ಲಿಯೇ ನಿಂತಿರುತ್ತಾನೆ.

ಇನ್ನು ಕಾನೂನು. ಯಾವ ರೌಡಿ ಸಿನಿಮಾದಲ್ಲಿಯೂ ಇದನ್ನು ಹೇಳಿದ್ದು ನಾನು ಕಂಡಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 83ನೇ ಕಲಮಿನಂತೆ, ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸಿಕೊಳ್ಳುವ ದೊಡ್ಡವರಿಗೆ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ರೂಪಾಯಿ ದಂಡ. 18 ತುಂಬದ ಹುಡುಗನನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಆದರೆ ಇದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ. 16 ದಾಟಿದವನು ಘೋರ ಅಪರಾಧ ಮಾಡಿದರೆ, ಮಂಡಳಿಯ ಪರಿಶೀಲನೆಯ ನಂತರ ಅವನನ್ನು ದೊಡ್ಡವರಂತೆ ವಿಚಾರಣೆಗೆ ಒಳಪಡಿಸಬಹುದು. ‘ನೀನಿನ್ನೂ ಚಿಕ್ಕವನು, ನಿನಗೇನೂ ಆಗೋದಿಲ್ಲ, ನೀನೇ ಹೋಗು’ ಎಂದು ಯಾರಾದರೂ ‘ಅಣ್ಣ’ ಹೇಳಿದರೆ ಅವನು ಸುಳ್ಳು ಹೇಳುತ್ತಿದ್ದಾನೆಂದು ತಿಳಿಯಿರಿ. ಹೆದರಿಕೆಯಾದರೆ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಪಾಲಕರಲ್ಲಿ ಒಂದು ವಿನಂತಿ. ಕಡ್ಡಾಯ ಶಿಕ್ಷಣದ ಕಾನೂನು 14ನೇ ವಯಸ್ಸಿಗೆ ಕೈ ಬಿಡುತ್ತದೆ, ಗುಂಪಿನವರು ಕೈ ಹಿಡಿಯುವುದು ಅಲ್ಲಿಂದಲೇ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದ ಹುಡುಗನಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶವಿದೆ. ಫಲಿತಾಂಶ ಬಂದ ದಿನ ಬೈದು ಹೊರಗೆ ಹಾಕಬೇಡಿ, ಮರುದಿನ ಅಂಕಪಟ್ಟಿ ಹಿಡಿದು ಅವನನ್ನು ಶಾಲೆಗೆ ಕರೆದುಕೊಂಡು ಬನ್ನಿ. ಫಾರಂ ತುಂಬಿ ಕೊಡಲು ನಾನು ಅಲ್ಲಿರುತ್ತೇನೆ.